ಮಾಮಾನ ಹಳೇ ದನಿ

ನಮ್ಮ ಬಳಗದಲ್ಲಿ ಯಾವ ಕಾರ್ಯ ನಡೆದರೂ ಊಟ ಮುಗಿದ ಮೇಲೆ ನನಗೊಂದು ಡ್ಯೂಟಿ ಇರುತ್ತದೆ. ‘ಏ, ಮಾಮಾನ್ನ ಮಾಡು’ ಎಂದು ಯಾರಾದರೂ ಕೂಗುತ್ತಾರೆ. ಮಾಮಾ ಎಂದರೆ ನಮ್ಮವ್ವನ ಅಣ್ಣ. ಫೋರ್ಟ್ ಏರಿಯಾದ ಆಫೀಸೊಂದರಿಂದ ರಿಟೈರ್ ಆಗಿ ಗೋರೆಗಾಂವದಲ್ಲಿ ಇದ್ದಾನೆ. ನಾನು ಎದ್ದು ನಿಂತು ಮೂಗಿನಿಂದ ಶುರು ಮಾಡುತ್ತೇನೆ: ‘ಅವ್ವಾ, ಗುಳಗಿ ತಗೊಂಡಿ? ಬಾಯಿಲೆ ಹೇಳಬ್ಯಾಡ. ಡಬ್ಬಿ ಅಲಗಾಡಸು, ನಾ ಕೇಳತೀನಿ.’

ಇದರಲ್ಲಿ ನಾನು ಕೂಡಿಸಿದ್ದು ಏನೂ ಇಲ್ಲ. ಅಜ್ಜಿ ಇರುವುದು ವಿಜಯಪುರದಲ್ಲಿ, ದೊಡ್ಡ ಮಾಮಾನ ತುಂಬಿದ ಮನೆಯಲ್ಲಿ. ಪ್ರತಿ ರವಿವಾರ ಮಾಮಾ ಅವಳಿಗೆ ಫೋನ್ ಮಾಡಿ, ಬಿಪಿ ಗುಳಿಗೆಯ ಡಬ್ಬಿ ಅಲುಗಾಡಿಸಲು ಹೇಳಿ, ಬರೀ ಸಪ್ಪಳದ ಮೇಲೆ ‘ಎರಡ ತಪ್ಪಿಸಿದಿ’ ಎಂದು ಹಿಡಿದು ಬೈಯುತ್ತಿದ್ದ. ನಾನು ನಕಲು ಮಾಡುವಾಗ ಎದುರಿನ ಕುರ್ಚಿಯಲ್ಲೇ ಕೂತು ತಿದ್ದುತ್ತಿದ್ದ: ‘ಮೂಗು ಇನ್ನಷ್ಟ ಬೇಕು. ಪುಕ್ಕಟ ಜಿಲೇಬಿ ತಿಂದೀದಿ, ಕೆಲಸರೆ ಸರಿ ಮಾಡು.’

ನನ್ನ ಸ್ವಂತ ದನಿ ಹೇಗಿದೆಯೋ ನನಗೇ ಗೊತ್ತಿಲ್ಲ. ಅವ್ವನ ಪ್ರಕಾರ ಅದು ಲೋಕಲ್ ಟ್ರೇನಿನಲ್ಲಿ ಮುಂದಿನ ಸ್ಟೇಶನ್ ಹೆಸರು ಹೇಳುವ ಹೆಂಗಸಿನದು.

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದಾಗ ಪಾರ್ಲೆಯ ನಮ್ಮ ಮನೆಗೆ ಒಂದು ಮುಂಜಾನೆ ಅಜ್ಜಿಯ ಫೋನ್ ಬಂತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಎತ್ತಿಕೊಂಡೆ. ಬಾಯಿ ಸುಮ್ಮನಿರಬೇಕಲ್ಲ?

‘ಅವ್ವಾ, ತಂಗಿ ಮನಿಗೆ ಬಂದೀನಿ. ಡಬ್ಬಿ ಅಲಗಾಡಸು.’

ಆ ಕಡೆಯಿಂದ ಅಜ್ಜಿ ಗದರಿದಳು: ‘ಯಾಂವಲೇ ನೀ, ಮಂಗ್ಯಾ?’

‘ನಿನ್ನ ಮಗಾ.’

‘ನನ್ನ ಮಗಾ ಡಬ್ಬಿ ಕೇಳಿ ಎಷ್ಟೋ ತಿಂಗಳಾತು. ನೀ ಅವನ ಹಳೇ ದನಿ ಮಾಡಾಕತ್ತೀದಿ.’

ನಾನು ನಕ್ಕೆ. ಅಜ್ಜಿ ನಗಲಿಲ್ಲ. ‘ರವಿವಾರ ಫೋನ್ ಮಾಡತಾನ, ಇಲ್ಲಂತಲ್ಲ. ಮೊನ್ನೆ, ಜ್ವರ ಬಂದಾವಪಾ ಅಂದೆ. ಹೂಂ, ಛಲೋ ಆತು ಅಂದ. ಪರೀಕ್ಷಾ ಮಾಡಾಕ ಸುಳ್ಳ ಹೇಳಿದ್ದೆ. ಅಲ್ಲೆ ಇಷ್ಟ ಮಂದಿ ಅದೀರಿ, ಯಾರಿಗೂ ಕಾಣಂಗಿಲ್ಲೇನು?’

ಪಾರ್ಲೆಯಿಂದ ಗೋರೆಗಾಂವ ಲೋಕಲ್‌ನಲ್ಲಿ ಅರ್ಧ ತಾಸೂ ಇಲ್ಲ. ಆದರೆ ಈ ಊರಿನಲ್ಲಿ ನಾಲ್ಕು ಸ್ಟೇಶನ್ ಆಚೆಗಿರುವ ಬಳಗ ವಾಟ್ಸಾಪಿನಲ್ಲೇ ಬದುಕಿರುತ್ತದೆ. ಮಾಮಾ ದಿನಾ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುತ್ತಿದ್ದ, ನಾವು ಕೈಮುಗಿದು ಮುಗಿಸುತ್ತಿದ್ದೆವು. ಆವತ್ತು ಹಳೇ ಮೆಸೇಜುಗಳನ್ನು ಹಿಂದಕ್ಕೆ ಎಳೆದು ನೋಡಿದೆ. ಅದೇ ಒಂದು ಗುಲಾಬಿ ತಿಂಗಳುಗಟ್ಟಲೆ ಬಂದಿತ್ತು.

‘ರಿಟೈರ್ ಆದ ಮ್ಯಾಲೆ ಅಣ್ಣ ಶಾಂತ ಆಗ್ಯಾನ, ಬಿಡು’ ಎಂದಳು ಅವ್ವ. ಆದರೂ ನಾನು ಸಂಜೆ ಗೋರೆಗಾಂವಕ್ಕೆ ಹೋದೆ.

ಬಾಗಿಲಲ್ಲೇ ಮಾಮಿ ಸಣ್ಣ ದನಿಯಲ್ಲಿ ಹೇಳಿದಳು: ‘ಸಾರಿಗೆ ಉಪ್ಪ ಮರತರೂ ಸುಮ್ಮ ಉಣ್ಣತಾರ. ಮೊದಲ ನನಗ ಖುಷಿನ ಆಗಿತ್ತು. ಈಗ ಅಂಜಿಕಿ ಬರತೈತಿ. ನಸುಕಿನ್ಯಾಗ ಎದ್ದ ಕುಂತಬಿಡತಾರ.’

ಮಾಮಾ ಕಿಟಕಿಯ ಹತ್ತಿರ ಕೂತಿದ್ದ. ಅಂಗಿಯ ಕಾಲರ್ ಕುತ್ತಿಗೆಗೆ ಸಡಿಲವಾಗಿತ್ತು. ಬೇಕೆಂದೇ ನಾನು ಅವನ ನಕಲನ್ನು ಕೆಟ್ಟದಾಗಿ ಮಾಡಿದೆ, ಮೂಗೇ ಇಲ್ಲದೆ.

‘ಛಲೋ ಮಾಡಿದಿ’ ಎಂದ.

ನಾನು ಹುಟ್ಟಿದಾಗಿನಿಂದ ಅವನು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತೆ.

‘ಮಾಮಾ, ಡಾಕ್ಟರ್ ಕಡೆ ಹೋಗೂಣು.’

‘ನನಗೇನ ಹುಚ್ಚ ಹಿಡದೈತೇನು?’ ಆ ಮಾತಿನಲ್ಲಿ ಸಿಟ್ಟೂ ಇರಲಿಲ್ಲ.

ನನ್ನ ಮಾತಿನ ಬೆಲೆ ನನಗೆ ಗೊತ್ತು. ಅಜ್ಜಿಗೆ ಫೋನ್ ಹಚ್ಚಿ, ಮಾಮಾ ಡಾಕ್ಟರ್ ಬೇಡ ಅಂತಾನೆ ಎಂದು ಹೇಳಿ ಸ್ಪೀಕರ್ ಮೇಲಿಟ್ಟೆ. ಅಜ್ಜಿ ವಾದಕ್ಕೆ ಇಳಿಯಲಿಲ್ಲ, ಡಬ್ಬಿ ಅಲುಗಾಡಿಸಿದಳು.

‘ಕೇಳಿದಿ? ಗಚ್ಚ ತುಂಬೇತಿ. ನೀ ಡಾಕ್ಟರ್ ಕಡೆ ಹೋಗೂ ತನಕ ನಾನೂ ಗುಳಗಿ ತಗೋಳಂಗಿಲ್ಲ.’

ಮಾಮಾ ಕಿಟಕಿಯಿಂದ ತಿರುಗಿ ಫೋನಿನ ಹತ್ತಿರ ಬಾಗಿದ. ಆಮೇಲೆ ‘ಆತವ್ವಾ’ ಎಂದ.

ಮನಸ್ಸಿನ ಡಾಕ್ಟರು ಅವನನ್ನು ಒಂದು ತಾಸು ಮಾತಾಡಿಸಿದರು. ಇದು ಹುಚ್ಚಲ್ಲ, ವಯಸ್ಸಿಗೆ ಬಂದ ಶಾಂತಿಯೂ ಅಲ್ಲ, ಖಿನ್ನತೆ. ಔಷಧಿ ಹಿಡಿಯಲು ಕೆಲವು ವಾರ ಬೇಕು ಎಂದರು. ಆ ರಾತ್ರಿ ಅಜ್ಜಿಗೆ ಹೇಳಿದರೆ ಅವಳು ನನಗೊಬ್ಬನಿಗೇ ಗುಟ್ಟು ಬಿಟ್ಟಳು: ‘ನನ್ನ ಗುಳಗಿ ದಿನಾ ನುಂಗೀನಿ. ಅಲಗಾಡಿಸಿದ್ದು ಕಡ್ಲಿ. ನಕಲಿ ನಿನಗಷ್ಟ ಬರತೈತಿ ಅಂತ ತಿಳದೀಯೇನು?’

ಔಷಧಿ ಎಂದರೆ ಸ್ಲೋ ಲೋಕಲ್, ಎಲ್ಲ ಸ್ಟೇಶನ್ನಿನಲ್ಲೂ ನಿಂತೇ ಹೋಗುತ್ತದೆ. ನಡುವೆ ಮಾಮಾ ಒಂದು ಸಲ ‘ಸಾಕಿದು’ ಎಂದು ಗುಳಿಗೆ ಬಿಟ್ಟ, ಮಾಮಿ ಬೈದು ಮತ್ತೆ ಹಚ್ಚಿಸಿದಳು. ನಾನು ರವಿವಾರ ಹೋಗಿ ಸುಮ್ಮನೆ ಕೂತು ಬರುತ್ತಿದ್ದೆ. ಯಾರ ನಕಲೂ ಮಾಡುತ್ತಿರಲಿಲ್ಲ. ನನ್ನಂಥವನಿಗೆ ಅದು ನಿರಾಹಾರ ಏಕಾದಶಿ.

ಚಳಿ ಬಿದ್ದ ಮೇಲೆ ಒಂದು ರವಿವಾರ ಮಾಮಾ ತಾನೇ ನಮ್ಮ ಮನೆಗೆ ಬಂದ. ತಾಟಿನ ಮುಂದೆ ಕೂತವನು ಅಜ್ಜಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದ.

‘ಅವ್ವಾ, ಡಬ್ಬಿ ಅಲಗಾಡಸು.’

‘ಮಂಗ್ಯಾ, ಮತ್ತ ಸುರು ಮಾಡಿದೇನು?’

‘ಅಜ್ಜಿ, ನಾ ಅಲ್ಲ’ ಎಂದು ನಾನು ಮೂಲೆಯಿಂದ ಕೂಗಿದೆ. ‘ನನ್ನ ಬಾಯಾಗ ಹಪ್ಪಳ ಐತಿ.’

ಅಜ್ಜಿ ಫೋನ್ ಬದಿಗಿಟ್ಟ ಸದ್ದಾಯಿತು. ಸ್ವಲ್ಪ ಹೊತ್ತಿಗೆ ವಿಜಯಪುರದಿಂದ ಗಲಗಲ ಸಪ್ಪಳ ಬಂತು. ಮಾಮಾ ಕಣ್ಣು ಮುಚ್ಚಿ ಕೇಳಿದ.

‘ಇವು ಗುಳಗಿ ಅಲ್ಲ, ಕಡ್ಲಿ. ಯಾರಿಗೆ ಆಟ ಆಡಸ್ತೀದಿ? ಖರೇ ಡಬ್ಬಿ ತಗೊಂಡ ಬಾ.’

‘ಹೂಂ’ ಎಂದಳು ಅಜ್ಜಿ. ‘ಇಂವ ನನ್ನ ಮಗನ.’

ಆಮೇಲೆ ತಾಯಿ ಮಗ ಜಗಳಕ್ಕೆ ಕೂತರು. ರೊಟ್ಟಿ ಆರಿ ಹಪ್ಪಳವಾದವು. ಅವ್ವ ಮಾತ್ರ ಯಾರನ್ನೂ ಊಟಕ್ಕೆ ಅವಸರ ಮಾಡಲಿಲ್ಲ.