ಇಂಜಿನಿಯರಮ್ಮ ಅಂದರೆ

ಎರಡನೇ ಮಹಾಯುದ್ಧ ಮುಗಿದ ಹೊಸತು. ಇಂಜಿನಿಯರಿಂಗ್ ಓದಿದ ಹೆಣ್ಣಿಗೆ ಯಾರೂ ಕೆಲಸ ಕೊಡದ ಕಾಲದಲ್ಲಿ ನನಗೆ ಹೇಗೋ ಸಿಕ್ಕಿತ್ತು. ಶ್ರೀನಿವಾಸಪುರದ ಕಡೆ ಕೆರೆ ಏರಿಯೊಂದು ಸೋರುತ್ತಿದೆ ಎಂದು ಸುದ್ದಿ ಬಂದಾಗ ನನ್ನನ್ನೇ ಕಳಿಸಿದರು.

ಏರಿಯ ಬುಡದಲ್ಲಿ ಬರುತ್ತಿದ್ದ ನೀರು ಕೆಂಪಗಿತ್ತು. ಅಂದರೆ ಒಳಗಿನ ಮಣ್ಣೇ ಕೊಚ್ಚಿ ಬರುತ್ತಿತ್ತು.

"ತೂಬು ಎತ್ತಪ್ಪ. ಕೆಳಗಿನ ಗುಡಿಸಲು ಈಗಲೇ ಖಾಲಿ ಮಾಡಿಸು" ಎಂದೆ.

ಕೆರೆಯ ನೀರು ಬಿಡುವ ನೀರಗಂಟಿ ಕೈಮುಗಿದ. "ಯಜಮಾನ್ರು ಬರ್ಲಿ ತಾಯಿ. ಅವರು ಹೇಳ್ದೆ ನೀರು ಬಿಟ್ಟು ಬೆಳೆ ಮುಳುಗಿದ್ರೆ ಊರೋರು ನನ್ನ ಸುಮ್ನೆ ಬಿಡಲ್ಲ."

"ಇಂಜಿನಿಯರ್ ನಾನೇ ಕಣಯ್ಯ!"

"ಗೊತ್ತು ತಾಯಿ, ಇಂಜಿನಿಯರಮ್ಮ ನೀವು" ಎಂದು ಚಾಪೆ ಹಾಸಿ, ಹಾಲು ತರಿಸಿದ. ಅಮಲ್ದಾರರ ಹೆಂಡತಿ ಅಮಲ್ದಾರಮ್ಮನಾದ ಹಾಗೆ, ಅವನ ಲೆಕ್ಕದಲ್ಲಿ ನಾನು ಯಾವನೋ ಇಂಜಿನಿಯರನ ಹೆಂಡತಿ.

ಕಿರುಚಿದೆ. ತೂಬಿಗೆ ನಾನೇ ಕೈಹಾಕಿದೆ. ಒಬ್ಬಳ ಕೈಲಿ ಏಳಲಿಲ್ಲ. ಗಂಡಸರೆಲ್ಲ ರಸ್ತೆ ನೋಡುತ್ತಾ ನಿಂತಿದ್ದರು. ಸಂಜೆಗೆ ಏರಿ ಒಡೆಯಿತು. ಗುಡಿಸಲುಗಳು ಹೋದವು, ನೀರಗಂಟಿಯ ಮಗಳೂ ಹೋದಳು.

ಮಾರನೆಯ ದಿನ ಅವನು ನನ್ನ ಮುಂದೆ ಕುಸಿದು ಕೂತು ಅತ್ತ. "ನಿಮ್ ಯಜಮಾನ್ರು ಒಂಚೂರು ಮುಂಚೆ ಬಂದಿದ್ರೆ ನನ್ನ ಮಗು ಉಳೀತಿತ್ತಲ್ಲಮ್ಮ."

ನನಗಿನ್ನೂ ಮದುವೆಯೇ ಆಗಿರಲಿಲ್ಲ. ಆದರೂ ಆ ಗಂಡನ ಪರವಾಗಿ ನಾನೇ ಕ್ಷಮೆ ಕೇಳಿದೆ.