ಬೆಲ್ಲ ಬಂತು, ನೀರು ಬರಲಿಲ್ಲ

ನನ್ನ ಕೈಗಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಸಿದ್ದಾಪುರದ ಕಡೆಯ ನಮ್ಮ ಮನೆಯಲ್ಲಿ ಊಟಕ್ಕೆ ದಿನಾ ಹದಿನೆಂಟು ಎಲೆ ಬೀಳುತ್ತಿತ್ತು. ಅಷ್ಟು ಜನರ ಮನೆಯಲ್ಲಿ ಇದು ಯಾರ ಕೆಲಸ ಎಂದು ಕೇಳುತ್ತ ಕೂರುವಂತಿಲ್ಲ, ಯಾರ ಕಣ್ಣಿಗೆ ಬಿತ್ತೋ ಅವರು ಮಾಡಬೇಕು. ಅಳುವ ಮಗು ಯಾರದೇ ಆಗಿರಲಿ, ಹತ್ತಿರ ಇದ್ದವರ ಸೊಂಟ ಏರಬೇಕು. ನಾನು ಎಂಟು ವರ್ಷದವಳಿದ್ದಾಗಲೇ ಚಿಕ್ಕಪ್ಪನ ಮಕ್ಕಳನ್ನು ಎತ್ತಿಕೊಂಡು ತಿರುಗಿದವಳು. ಹಾಗಾಗಿ ಶಿರಸಿಯ ಶಿಶುವಿಹಾರಕ್ಕೆ ಕೆಲಸಕ್ಕೆ ಸೇರಿದಾಗ, ಮಕ್ಕಳನ್ನು ನೋಡಿಕೊಳ್ಳುವುದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ ಎಂಬ ಜಂಭ ನನಗೆ ಬೇಕಾದಷ್ಟಿತ್ತು.

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದು ಆಗ ನಾಲ್ಕೈದು ವರ್ಷವಾಗಿತ್ತು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ, ಮದುವೆ ಗೊತ್ತಾಗುವ ತನಕ ಇರಲಿ ಎಂದು ಪೇಟೆಯ ದೊಡ್ಡಮ್ಮನ ಮನೆಗೆ ಬಂದಿದ್ದೆ. ಅದೇ ಓಣಿಯ ತುದಿಯಲ್ಲಿ ಒಂದು ಹೆಂಚಿನ ಮನೆ ಬಾಡಿಗೆ ಹಿಡಿದು, ಧಾರವಾಡದ ಕಡೆಯಿಂದ ಬಂದ ಒಬ್ಬ ಅಕ್ಕೋರು ಮಾಂಟೆಸರಿ ಪದ್ಧತಿಯ ಶಿಶುವಿಹಾರ ನಡೆಸುತ್ತಿದ್ದರು. ನಮ್ಮಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ನಾನು ಸೇರಿದ ಮೇಲೆ ಅವರು ದೊಡ್ಡಕ್ಕೋರು, ನಾನು ಸಣ್ಣಕ್ಕೋರು.

ದೊಡ್ಡಕ್ಕೋರು ಮೂರು ವರ್ಷದ ಮಕ್ಕಳಿಗೂ "ಬರ್ರಿ, ಕೂಡ್ರಿ" ಎನ್ನುತ್ತಿದ್ದರು. ಮೊದಲ ದಿನ ನಾನು ಸೆರಗು ಬಾಯಿಗಿಟ್ಟು ನಕ್ಕೆ. ಮನೆಗೆ ಬಂದು ಅದನ್ನೇ ಆಡಿ ತೋರಿಸಿ ದೊಡ್ಡಮ್ಮನನ್ನೂ ನಗಿಸಿದೆ. ಮೂಗು ಸುರಿಯುವ ಪುಟ್ಟ ಮಾಣಿಗೆ ಬಹುವಚನ! ಆದರೆ ಶಿಶುವಿಹಾರದಲ್ಲಿ ನನಗೆ ಸಿಟ್ಟು ತರಿಸಿದ್ದು ಅದಲ್ಲ. ಮಗು ಗುಂಡಿ ಹಾಕಿಕೊಳ್ಳಲು ತಿಣುಕುತ್ತಿದ್ದರೆ ನಾನು ಹೋಗಿ ಹಾಕುತ್ತಿದ್ದೆ. ಚಾಪೆ ಸೊಟ್ಟ ಸುತ್ತಿದರೆ ಬಿಚ್ಚಿ ನೆಟ್ಟಗೆ ಸುತ್ತಿ ಕೊಡುತ್ತಿದ್ದೆ. ಮೂರು ದಿನ ನೋಡಿದ ದೊಡ್ಡಕ್ಕೋರು ನಾಲ್ಕನೇ ದಿನ ಬಾಗಿಲ ಪಕ್ಕ ಒಂದು ಮಣೆ ಹಾಕಿ, ನನ್ನ ಕೈಗೆ ಪಾಟಿ, ಬಳಪ ಕೊಟ್ಟರು.

"ನಿನ್ನ ಕೈಗೆ ಭಾಳ ಅವಸರ ಐತಿ ತಂಗಿ. ಇಲ್ಲಿ ಕೂತು ನೋಡು, ನೋಡಿದ್ದು ಬರಿ. ಕರೆಯೂ ತನಕಾ ಏಳಬ್ಯಾಡ."

ಹೀಗೆ ನನ್ನನ್ನು ಮದುಮಗಳಂತೆ ಮಣೆಯ ಮೇಲೆ ಕೂರಿಸಿದರು. ಸಂಬಳ ಕೊಟ್ಟು ಕೂರಿಸುವುದು ಎಂಥ ಕೆಲಸವೋ ನನಗೆ ಅರ್ಥವಾಗಲಿಲ್ಲ. ಹಾಗಾದರೆ ಇಲ್ಲಿ ನಮ್ಮ ಕೆಲಸ ಏನು ಎಂದು ಮುಖ ದಪ್ಪ ಮಾಡಿ ಕೇಳಿದೆ. "ಎಲ್ಲಾ ಕೈಗೆ ಎಟಕೂ ಹಂಗ ಇಡಬೇಕು, ಒಂದ್ಸಲ ಮಾಡಿ ತೋರಸಬೇಕು, ಆಮ್ಯಾಲೆ ಸರಕೋಬೇಕು," ಎಂದರು. ಸರಿಯುವುದಕ್ಕೂ ಒಂದು ಶಾಲೆಯೇ ಎಂದು ಮನಸ್ಸಿನಲ್ಲೇ ಗೊಣಗಿಕೊಂಡೆ.

ನಾನು ನೋಡಿ ಬರೆಯಬೇಕಾದ ಮಗು ಐದು ವರ್ಷದ ಒಂದು ಕೂಸು. ನಮ್ಮ ಮಾತಿನಲ್ಲಿ ಕೂಸು ಎಂದರೆ ಹೆಣ್ಣುಮಗು. ಎರಡನೇ ವರ್ಷದಲ್ಲಿ ಜ್ವರ ಬಂದು ಅವಳ ಎಡಗಾಲು ಸೊರಗಿತ್ತು. ಅಪ್ಪ ಕಿರವತ್ತಿಯ ಕಡೆ ಕಟ್ಟಿಗೆ ಡಿಪೋದಲ್ಲಿ ಕೆಲಸಕ್ಕಿದ್ದ, ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಅವಳನ್ನು ದಿನಾ ಹೊತ್ತು ತರುತ್ತಿದ್ದವಳು ಅಮ್ಮ. ಬಾಗಿಲಲ್ಲಿ ಅಮ್ಮನ ಸೊಂಟದಿಂದ ಇಳಿದ ಕೂಸು ನನ್ನ ಸೊಂಟಕ್ಕೆ ಬರುತ್ತಿತ್ತು. ದೊಡ್ಡಕ್ಕೋರು ಅದನ್ನು ನಿಲ್ಲಿಸಿದರು. ಅಮ್ಮ ಅವಳನ್ನು ಹೊಸ್ತಿಲ ಒಳಗೆ ನೆಲದ ಮೇಲೆ ಬಿಟ್ಟು ಹೋಗಬೇಕು, ನಾನು ಮಣೆ ಬಿಟ್ಟು ಏಳಬಾರದು.

ಮೊದಲ ದಿನ ಪಾಟಿಯ ಮೇಲೆ "ಏನೂ ಮಾಡಲಿಲ್ಲ" ಎಂದು ಬರೆದೆ. ದೊಡ್ಡಕ್ಕೋರು ಅದನ್ನು ಓದಿ, "ಏನೂ ಮಾಡದ ಮಗುವನ್ನ ನಾ ಇನ್ನೂ ನೋಡಿಲ್ಲ. ಮತ್ತ ನೋಡು," ಎಂದು ಸೆರಗಿನಿಂದ ಒರೆಸಿ ಕೊಟ್ಟರು. ಎರಡನೇ ದಿನ ನೋಡಿದೆ. ಕೂಸು ಬಾಗಿಲಿನಿಂದ ಆಟದ ಮರದ ಗಟ್ಟಿಗಳನ್ನು ಇಡುವ ಗೂಡಿನ ತನಕ ಕುಂಡೆಯ ಮೇಲೆ ಜಾರುತ್ತ ಹೋದಳು. ವಾರ ಕಳೆದ ಮೇಲೆ ಗೋಡೆ ಹಿಡಿದು ನಿಂತಳು. ಮಳೆಗಾಲದಲ್ಲಿ, ಓಣಿಯ ಆಚಾರಿ ಮಾಡಿಕೊಟ್ಟ ಹಲಸಿನ ಮರದ ಗುಂಡುಗಳು ಉಬ್ಬಿ, ಹಲಗೆಯಲ್ಲಿ ತಮ್ಮ ತಮ್ಮ ಅಳತೆಯ ತೂತುಗಳಲ್ಲಿ ಕೂರದಾದಾಗ ಎಲ್ಲ ಮಕ್ಕಳೂ ಅವನ್ನು ಬಿಟ್ಟು ಎದ್ದರು. ಇವಳೊಬ್ಬಳು ಬಿಡಲಿಲ್ಲ. ಎದ್ದು ಹೋಗುವುದು ಅವಳಿಗೆ ಅಷ್ಟು ಸುಲಭವೂ ಅಲ್ಲವಲ್ಲ ಎಂದುಕೊಂಡೆ. ಆಮೇಲೆ ನೋಡಿದರೆ ಹಟವೇ ಹಾಗಿತ್ತು.

ದೀಪಾವಳಿಯ ಹೊತ್ತಿಗೆ ಅವಳು ನಡೆಯುವ ದಾರಿ ತಾನೇ ಕಂಡುಕೊಂಡಳು. ಎಡಗೈಯನ್ನು ಎಡತೊಡೆಯ ಮೇಲೆ ಒತ್ತಿ ಹಿಡಿದು, ಕಾಲು ಮಡಚದ ಹಾಗೆ ನೋಡಿಕೊಂಡು, ಬಲಗಾಲು ಮುಂದಿಡುವುದು. ಒಂದು ಹೆಜ್ಜೆಗೆ ನಮ್ಮ ನಾಲ್ಕು ಹೆಜ್ಜೆಯಷ್ಟು ಹೊತ್ತು. ಸಗಣಿ ಸಾರಿಸಿದ ನೆಲದ ಮೇಲೆ ಸುಣ್ಣದಲ್ಲಿ ಬರೆದ ಗೆರೆಯ ಮೇಲೆ ಮಕ್ಕಳು ನಡೆಯುವ ಅಭ್ಯಾಸವೊಂದಿತ್ತು. ಅವಳು ಅದನ್ನು ಒಂದು ಸುತ್ತು ಮುಗಿಸಿದ ದಿನ ನಾನು ಪಾಟಿಯ ಮೇಲೆ ಏನು ಬರೆದೆನೋ ನೆನಪಿಲ್ಲ, ಅತ್ತದ್ದು ನೆನಪಿದೆ.

ಅವಳ ಅಮ್ಮನಿಗೆ ಇದ್ದ ಚಿಂತೆ ಒಂದೇ. ಜೂನ್ ತಿಂಗಳಿಗೆ ಕೂಸಿಗೆ ಆರು ತುಂಬುತ್ತದೆ, ಕನ್ನಡ ಶಾಲೆಗೆ ಸೇರಿಸಬೇಕು. ಹೆಡ್ ಮಾಸ್ತರರು ನಮ್ಮ ಕಡೆಯವರೇ, ಕೆಟ್ಟವರಲ್ಲ. ಆದರೆ ಎತ್ತಿ ಇಳಿಸುವ ಮಗುವನ್ನು ಸೇರಿಸಿಕೊಂಡರೆ ನೋಡಿಕೊಳ್ಳುವವರು ಯಾರು ಎಂದು ಕೇಳಿದ್ದರು. ಶಿಶುವಿಹಾರಕ್ಕೆ ಒಂದು ದಿನ ಬಂದು ಕಣ್ಣಾರೆ ನೋಡಿ ಹೇಳುತ್ತೇನೆ ಎಂದಿದ್ದರು.

"ಈಗೇನೋ ಹೊರ್ತೆ. ಹತ್ತು ವರ್ಷದ ಕೂಸಿನ ಹೊರಲೆ ಆಗ್ತಾ ತಂಗಿ? ಶಾಲೆ ತಪ್ಪಿರೆ ಇದು ಮನೆ ಮೂಲೇಲೇ ಕೂರವು," ಎಂದು ಅವಳಮ್ಮ ಒಮ್ಮೆ ನನ್ನ ಕೈ ಹಿಡಿದು ಹೇಳಿದ್ದಳು.

ನಮ್ಮ ಸೀಮೆಯಲ್ಲಿ ಮನೆಗೆ ಯಾರೇ ಬರಲಿ, ಕೂತ ಕೂಡಲೇ ಬೆಲ್ಲ, ನೀರು ಕೊಡಬೇಕು. ಆಸರಿಗೆ ಎಂದರೆ ಅದೇ. ದೊಡ್ಡಕ್ಕೋರು ಧಾರವಾಡದವರಾದರೂ ಈ ಪದ್ಧತಿ ನೋಡಿ ಹಿಗ್ಗಿ, ಅದನ್ನು ಮಕ್ಕಳ ಅಭ್ಯಾಸಕ್ಕೆ ಸೇರಿಸಿದ್ದರು. ಬಂದವರಿಗೆ ತಾಟಿನಲ್ಲಿ ಬೆಲ್ಲದ ತುಂಡು ಮತ್ತು ಲೋಟದಲ್ಲಿ ನೀರು ಇಟ್ಟುಕೊಂಡು ಒಂದು ಮಗು ಹೋಗಬೇಕು. ಉಳಿದ ಮಕ್ಕಳು ತಾಟನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ಈ ಕೂಸಿಗೆ ಒಂದು ಕೈ ತೊಡೆಗೇ ಬೇಕು. ಅದಕ್ಕೆ ಅವಳು ಎರಡು ಸಲ ಹೋಗುತ್ತಿದ್ದಳು, ಮೊದಲು ಬೆಲ್ಲ, ಆಮೇಲೆ ನೀರು. ಇದನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ತಿಂಗಳುಗಟ್ಟಲೆ ಮಾಡಿ ಮಾಡಿ ನೀರು ಚೆಲ್ಲದ ಮಟ್ಟಕ್ಕೆ ಬಂದಿದ್ದಳು.

ಬೇಸಿಗೆ ರಜೆಯ ಮುಂಚೆ ಒಂದು ಮಧ್ಯಾಹ್ನ ಹೆಡ್ ಮಾಸ್ತರರು ಬಂದರು. ಬಿಸಿಲಲ್ಲಿ ನಡೆದು ಬಂದು, ಕೊಡೆ ಮಡಚಿ, ಶಲ್ಯದಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಜಗಲಿಯ ಬೆಂಚಿನ ಮೇಲೆ ಕೂತರು. ಕೂಸಿನ ಅಮ್ಮ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ದೊಡ್ಡಕ್ಕೋರು ಕೂಸಿಗೆ "ಆಸರಿಗೆ ಕೊಡ್ರಿ" ಎಂದರು. ಅವಳು ಬೆಲ್ಲದ ತಾಟು ಹಿಡಿದು ಹೊರಟಳು. ಹೆಜ್ಜೆ, ನಿಲ್ಲು, ಹೆಜ್ಜೆ. ತಾಟು ಬೆಂಚಿನ ಮೇಲಿಟ್ಟಳು. ಮಾಸ್ತರರು ಬೆಲ್ಲ ಕೈಗೆ ತೆಗೆದುಕೊಂಡರು. ಅವಳು ತಿರುಗಿ ನೀರಿಗೆ ಹೊರಟಳು.

ನೀರಿನ ಕೊಡ ಒಳಗಿನ ಕೋಣೆಯಲ್ಲಿತ್ತು. ಬಾಯಾರಿದ ಮನುಷ್ಯ ಬೆಲ್ಲ ಕೈಯಲ್ಲಿ ಹಿಡಿದು ಕೂತಿದ್ದಾನೆ, ನೀರಿಲ್ಲ. ನೀರು ಬಾರದೆ ಬೆಲ್ಲ ಬಾಯಿಗೆ ಹಾಕುವವರು ನಮ್ಮಲ್ಲಿಲ್ಲ. ಬೆಲ್ಲ ಅವರ ಬೆರಳಿಗೆ ಅಂಟತೊಡಗಿತು. ಅವರು ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಮಣೆಯ ಮೇಲೆ ಕೂತ ನನಗೆ ಮೈಯೆಲ್ಲ ಮುಳ್ಳು. ಕಣ್ಣೆದುರು ನೆಂಟರು ಹೀಗೆ ಕೂತಿದ್ದು ನಮ್ಮಮ್ಮನಿಗೆ ಗೊತ್ತಾದರೆ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ ಎನಿಸಿತು. ಕೂಸು ಲೋಟ ಹಿಡಿದು ಕೋಣೆ ದಾಟಿ ಜಗಲಿಯ ನಡುವಿಗೆ ಬಂದಿದ್ದಳು. ಇನ್ನು ಏಳೆಂಟು ಹೆಜ್ಜೆ. ನಾನು ಎದ್ದೆ. ಅವಳ ಕೈಯಿಂದ ಲೋಟ ಕಿತ್ತುಕೊಂಡು ಮಾಸ್ತರರ ಮುಂದಿಟ್ಟು, "ತಗಳಿ, ತಡಾತು," ಎಂದೆ.

ಕೂಸು ಅಳಲಿಲ್ಲ. ಇದ್ದಲ್ಲಿಯೇ ನೆಲಕ್ಕೆ ಕೂತಳು. ಮಾಸ್ತರರು ನೀರು ಕುಡಿದರು. "ಪಾಪ. ಕೈಗೆ ಕೈ ಕೊಡವ್ವು ಒಬ್ರು ಬೇಕೇ ಬೇಕು ಅಂದಾತು," ಎಂದು, ಶಾಲೆಗೆ ಸೇರಿಸುವ ಮಾತೆತ್ತದೆ ಕೊಡೆ ಬಿಚ್ಚಿಕೊಂಡು ಹೋದರು. ಬಾಗಿಲ ಸಂದಿಯಲ್ಲಿದ್ದ ಅಮ್ಮ ನನ್ನ ಕಡೆ ನೋಡಲೇ ಇಲ್ಲ. ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು ಹೋದಳು.

ದೊಡ್ಡಕ್ಕೋರು ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಸಂಜೆ ಚಾಪೆಗಳನ್ನು ಎಣಿಸಿ ಇಡುತ್ತ, "ಅವರ ಕಡೆ ತಪ್ಪಾತು ಅಂತ ಕೇಳಿದ್ಯೇನು?" ಎಂದರು. ಮಾಸ್ತರರ ಹತ್ತಿರವೇ ಎಂದೆ. "ಅಲ್ಲ. ಅವರ ಕಡೆ," ಎಂದು ಕೂಸು ಕೂತಿದ್ದ ಜಾಗ ತೋರಿಸಿದರು.

ಐದು ವರ್ಷದ ಮಗುವಿನ ಹತ್ತಿರ ದೊಡ್ಡವರು ತಪ್ಪಾಯಿತು ಎನ್ನುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಹೊಡೆದ ಮೇಲೆ ಒಂದು ತುಂಡು ಬೆಲ್ಲ ಕೊಟ್ಟರೆ ಅದೇ ಕ್ಷಮೆ. ಉಳಿದ ಚಾಪೆ ಸುತ್ತಿಟ್ಟು ಮನೆಗೆ ಹೋದೆ. ಮಾರನೆಯ ದಿನ ಕೂಸು ಬಂದಳು. ಹೊಸ್ತಿಲ ಒಳಗೆ ಕೂತು, ನನ್ನನ್ನು ನೋಡಿ ಎರಡೂ ಕೈ ಮೇಲಕ್ಕೆತ್ತಿದಳು. ಎತ್ತಿಕೋ ಎಂದು. ಶಿಶುವಿಹಾರದಲ್ಲಿ ಅವಳು ಹಾಗೆ ಕೈ ಎತ್ತದೆ ತಿಂಗಳುಗಳೇ ಆಗಿದ್ದವು. ಮೂರು ದಿನ ಹಾಗೇ ನಡೆಯಿತು. ಗೆರೆಯ ಹತ್ತಿರವೂ ಹೋಗಲಿಲ್ಲ, ಲೋಟ ಮುಟ್ಟಲಿಲ್ಲ. ಆ ಎತ್ತಿದ ಕೈಗಳನ್ನು ನೋಡಿದ ಮೇಲೆ ನನಗೆ ಒಂದು ಗೊತ್ತಾಯಿತು. ಆ ಮಧ್ಯಾಹ್ನ ನನಗೆ ಕನಿಕರ ಬಂದದ್ದು ಮಗುವಿನ ಮೇಲೂ ಅಲ್ಲ, ಮಾಸ್ತರರ ಮೇಲೂ ಅಲ್ಲ. ನನ್ನ ಮಾನ ಹೋಗುತ್ತದೆ ಎಂದು ನಾನು ಎದ್ದದ್ದು.

ನಾಲ್ಕನೇ ದಿನ ಅವಳೆದುರು ನೆಲದ ಮೇಲೆ ಕೂತೆ. "ಆವತ್ತು ನಿನ್ನ ಲೋಟ ಕಿತ್ಗಂಡಿದ್ದು ಎನ್ನ ತಪ್ಪು," ಎಂದೆ. ಕೂಸು ಮೊದಲು ನನ್ನ ಕೈಗಳನ್ನು ನೋಡಿದಳು, ಆಮೇಲೆ ಮುಖ.

"ಮತ್ತೆ ಕಿತ್ಗಳ್ತ್ಯಾ?"

"ಇಲ್ಲೆ."

ಅವಳು ತಲೆ ಆಡಿಸಿದಳು. ಕೈ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದು ಎದ್ದಳು.

ಅದೇ ಸಂಜೆ ಮಾಸ್ತರರ ಮನೆಗೆ ಹೋದೆ. ತಪ್ಪು ನನ್ನದು, ಇನ್ನೊಮ್ಮೆ ಬಂದು ನೋಡಿ ಎಂದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಯೋಚಿಸಿದರು. ಬಂದು ನೋಡುವುದೆಲ್ಲ ಆಯಿತು, ಶಾಲೆ ಶುರುವಾದ ದಿನ ಕೂಸು ತಾನಾಗಿ ಶಾಲೆಯ ಮೆಟ್ಟಿಲು ಹತ್ತಿ ಬಂದರೆ ಹೆಸರು ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಒತ್ತಾಯ ಮಾಡಬಾರದು ಎಂದರು. ಆ ಶಾಲೆಗೆ ಚಿರೇಕಲ್ಲಿನ ಏಳು ಮೆಟ್ಟಿಲು. ಕೂಸು ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿರಲಿಲ್ಲ. ಶಿಶುವಿಹಾರಕ್ಕೆ ಇದ್ದದ್ದು ಒಂದು ಹೊಸ್ತಿಲು ಮಾತ್ರ.

ಜೂನ್ ತಿಂಗಳ ಆ ಬೆಳಿಗ್ಗೆ ನಾನೂ ಅವಳಮ್ಮನೂ ಅವಳ ಜೊತೆ ಹೋದೆವು. ಪಾಟಿಚೀಲವನ್ನು ಅವಳೇ ಕೊರಳಿಗೆ ಹಾಕಿಕೊಂಡಿದ್ದಳು. ಉಳಿದ ಮಕ್ಕಳೆಲ್ಲ ದಡದಡನೆ ಹತ್ತಿ ಒಳಗೆ ಹೋಗಿದ್ದರು. ಗಂಟೆ ಹೊಡೆಯುವ ಸುತ್ತಿಗೆ ಕೈಯಲ್ಲಿ ಹಿಡಿದು ಮಾಸ್ತರರು ಮೇಲೆ ಜಗಲಿಯಲ್ಲಿ ನಿಂತಿದ್ದರು. ಕೂಸು ಮೊದಲ ಮೆಟ್ಟಿಲ ಹತ್ತಿರ ನಿಂತು ಮೇಲೆ ನೋಡಿದಳು. ಆಮೇಲೆ ತಿರುಗಿ, ನಮ್ಮ ಕಡೆ ಮುಖ ಮಾಡಿ, ಮೆಟ್ಟಿಲ ಮೇಲೆ ಕೂತಳು. ಎರಡು ಕೈ ಹಿಂದಕ್ಕೆ ಊರಿ, ಬಲಗಾಲು ಒತ್ತಿ, ಮೇಲಿನ ಮೆಟ್ಟಿಲಿಗೆ ಕುಂಡೆ ಏರಿಸಿದಳು. ಎಡಗಾಲನ್ನು ಕೈಯಿಂದ ಎತ್ತಿ ಮೇಲಿಟ್ಟುಕೊಂಡಳು. ಒಂದಾಯಿತು.

ಮೂರನೆಯದರಲ್ಲಿ ಕೈ ಜಾರಿ ಮೊಣಕೈ ಕಲ್ಲಿಗೆ ತಾಗಿತು. ಅವಳಮ್ಮ ಮುಂದೆ ನುಗ್ಗಿದಳು. ನಾನು ಅಮ್ಮನ ರಟ್ಟೆ ಹಿಡಿದು ನಿಲ್ಲಿಸಿದೆ. ಐದನೆಯದರ ಹೊತ್ತಿಗೆ ಕೂಸಿನ ಮುಖ ಕೆಂಪಾಗಿ ಉಸಿರು ಮೇಲೆ ಬಂದಿತ್ತು. ಮಾಸ್ತರರಿಗೂ ತಡೆಯಲಿಲ್ಲ. ಅವರು ಬಗ್ಗಿ ಎರಡೂ ಕೈ ಚಾಚಿದರು.

"ಎತ್ತಡಿ ಮಾಸ್ತರೇ!"

ಎತ್ತಬೇಡಿ ಎಂದು ಕೂಗಿದವಳು ನಾನೇ. ಅಷ್ಟು ಜೋರಾಗಿ ನಾನು ಯಾವ ಗಂಡಸಿನ ಮೇಲೂ ಕೂಗಿದವಳಲ್ಲ. ಒಳಗಿದ್ದ ಮಕ್ಕಳು ಕಿಟಕಿಗೆ ಬಂದರು. ಮಾಸ್ತರರು ಚಾಚಿದ ಕೈ ಹಿಂದೆ ತೆಗೆದುಕೊಂಡು ಎರಡು ಹೆಜ್ಜೆ ಸರಿದು ನಿಂತರು.

ಕೂಸು ಏಳನೆಯ ಮೆಟ್ಟಿಲೂ ಮುಗಿಸಿ, ಕಂಬ ಹಿಡಿದು ಎದ್ದು, ಲಂಗದ ಧೂಳು ಕೊಡವಿಕೊಂಡಳು. "ಬಾ, ಹೆಸರು ಬರಕಳ್ಳನ," ಎಂದು ಮಾಸ್ತರರು ಕರೆದರು. ಅವಳು ಹೋಗಲಿಲ್ಲ.

"ನೀರು ಎಲ್ಲಿದ್ದು?"

"ಆಸರಾತಾ ಕೂಸೇ?" ಬಾಯಾರಿತೇ ಎಂದು ಮಾಸ್ತರರು ಕೇಳಿದರು.

"ಎಂಗಲ್ಲ, ನಿಂಗಕ್ಕೆ. ಆವತ್ತು ಆನು ನೀರು ಕೊಟ್ಟಿದ್ನಿಲ್ಲೆ."

ನೀರು ತನಗಲ್ಲ, ಅವರಿಗೆ. ಮಾಸ್ತರರು ಜಗಲಿಯ ತುದಿಯ ಕೊಡ ತೋರಿಸಿದರು. ಕೂಸು ಎಡಗೈ ತೊಡೆಗೆ ಒತ್ತಿ ಹೊರಟಳು. ಗಂಟೆಯ ಹೊತ್ತು ಮೀರುತ್ತಿತ್ತು, ತರಗತಿಗಳಲ್ಲಿ ಗದ್ದಲ ಏರುತ್ತಿತ್ತು. ಮಾಸ್ತರರು ಕಂಬದಂತೆ ನಿಂತಿದ್ದರು, ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ. ಅವಳಮ್ಮ ನನ್ನ ಕೈಯನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದಿದ್ದಳು. ಮೆಟ್ಟಿಲು ಹತ್ತಿ ಕೂಸಿನ ಕಾಲು ಸೋತಿತ್ತು, ಲೋಟ ಅಲುಗಿ ದಾರಿಯುದ್ದಕ್ಕೂ ನೀರು ಚೆಲ್ಲಿತು. ಅವರ ಹತ್ತಿರ ಮುಟ್ಟಿದಾಗ ಅರ್ಧವೂ ಉಳಿದಿರಲಿಲ್ಲ.

ಮಾಸ್ತರರು ಸುತ್ತಿಗೆ ಕೆಳಗಿಟ್ಟು ಎರಡೂ ಕೈಯಲ್ಲಿ ಲೋಟ ಇಸಿದುಕೊಂಡರು. ಕುಡಿದು ಮುಗಿಸಿ, ಲೋಟವನ್ನು ಅವಳಿಗೇ ಚಾಚಿದರು.

"ಇನ್ನೊಂದು ಲೋಟ ಸಿಕ್ತಾ ಕೂಸೇ?"

ಅವಳು ಲೋಟ ತೆಗೆದುಕೊಂಡು ಮತ್ತೆ ಕೊಡದ ಕಡೆ ತಿರುಗಿದಳು. ಆ ದಿನ ಶಾಲೆಯ ಗಂಟೆ ಹೊಡೆದದ್ದು ಅದಾದ ಮೇಲೆ.