ಪರಸವ್ವ ಬಾರಿಸಿದ ಸಾವಿನ ಗಂಟೆ

ವಿಜಯಪುರದ ಪೇಟೆಯ ನಡುವೆ ಇರುವ ಬ್ರಿಟಿಷರ ಕಾಲದ ಚರ್ಚಿನಲ್ಲಿ ಕಸ ಗುಡಿಸುವುದೂ ಗಂಟೆ ಬಾರಿಸುವುದೂ ಪರಸವ್ವನ ಕೆಲಸ. ಗಂಡ ತೀರಿಕೊಂಡ ದಿನ ಅವನಿಗಾಗಿ ತಾನೇ ಗಂಟೆಯ ಹಗ್ಗ ಎಳೆದವಳು, ಆಮೇಲೆ ಅದನ್ನು ಬಿಡಲಿಲ್ಲ. ಆರಾಧನೆಯ ಗಂಟೆಯನ್ನು ಅವಳು ಬಿಡುವಿಲ್ಲದೆ ಬಾರಿಸುತ್ತಾಳೆ. ಯಾರಾದರೂ ಸತ್ತರೆ ಮಾತ್ರ ಒಂದು ಬಡಿತದ ನಾದ ಪೂರ್ತಿ ಅಡಗಿದ ಮೇಲೆಯೇ ಇನ್ನೊಂದು. ಇದು ಸುತ್ತಲಿನ ಅಂಗಡಿಯವರಿಗೂ ಗೊತ್ತು.

ಕಳೆದ ಬೇಸಿಗೆಯಲ್ಲಿ ತೊರವಿಯ ಆಟೋ ಚಾಲಕ ರಾಜಾರಾಮನ ಗಾಡಿ ಒಂದು ಮಗುವಿಗೆ ತಾಗಿತು. ಮಗುವಿನ ಮೊಣಕಾಲು ತರಚಿತ್ತು, ಅಷ್ಟೆ. ಜನ ಅವನನ್ನು ಚರ್ಚಿನ ಅಂಗಳದೊಳಕ್ಕೆ ಅಟ್ಟಿಸಿಕೊಂಡು ಬಂದು ಹೊಡೆದರು. ಬಡಿಗೆ ಮುರಿದಾಗ ಒಬ್ಬ ಕಲ್ಲು ಎತ್ತಿಕೊಂಡ. ರಾಜಾರಾಮನ ಹಲ್ಲು ಮೆಟ್ಟಿಲ ಮೇಲೆ ಬಿದ್ದಿತ್ತು, ಕಿವಿಯಿಂದ ರಕ್ತ ಇಳಿಯುತ್ತಿತ್ತು.

"ಬಿಡ್ರೋ, ಸಾಯ್ತಾನ!" ಎಂದು ಪರಸವ್ವ ಅಡ್ಡ ಬಂದಳು.

"ಆಚಿಗಿ ಸರಿ ಬೇ ಮುದುಕಿ, ನಿನಗೂ ಬೀಳ್ತಾವ," ಎಂದು ಕಲ್ಲಿನವನು ಅವಳನ್ನು ನೂಕಿ ಕೆಡವಿದ.

ಅವಳು ಎದ್ದು ಒಳಗೆ ಹೋಗಿ ಹಗ್ಗ ಹಿಡಿದಳು. ಒಂದು ಬಡಿತ. ನಾದ ಅಡಗುವವರೆಗೆ ಕಾದಳು. ಹೊರಗೆ ಏಟಿನ ಸದ್ದು ನಿಂತಿರಲಿಲ್ಲ. ಇನ್ನೊಂದು ಬಡಿತ. ಎದುರಿನ ಅಂಗಡಿಯವನು, "ಸತ್ತನಲ್ಲೋ! ಕೊಲಿ ಕೇಸ ಆತು!" ಎಂದು ಕೂಗಿದ. ಕಲ್ಲು ನೆಲಕ್ಕೆ ಬಿತ್ತು. ಅಂಗಳ ಖಾಲಿಯಾಯಿತು.

ಗಂಟೆ ಕೇಳಿದ ಚರ್ಚಿನ ಜನ ರೂಢಿಯಂತೆ ಹೆಗಲು ಕೊಡಲು ಓಡಿ ಬಂದರು. ಪರಸವ್ವ ಹೆಣ ಹೊರುವ ಮಂಚವನ್ನು ಎಳೆದು ತಂದಳು. ರಾಜಾರಾಮನನ್ನು ಅದರ ಮೇಲೆಯೇ ಮಲಗಿಸಿ ಹೊತ್ತರು. ಗೇಟಿನ ಬಳಿ ಅವನು ಒಂದು ಕಣ್ಣು ತೆರೆದು ಮಂಚ ನೋಡಿದ.

"ಎಲ್ಲಿಗಿ ಒಯ್ಯಾಕತ್ತೀರಿ?"

"ದವಾಖಾನಿಗಿ ಲೇ, ಹೆಣಾ ಹುಗಿಯೋ ಕುಣಿಗಿ ಅಲ್ಲ. ಸುಮ್ನ ಮಲಕೋ," ಎಂದಳು ಪರಸವ್ವ.